ವಿಂಡನ್ ಊರಿನ ವಂಶವೃಕ್ಷ, ನಮ್ಮ ಮನೆಯ ಕ್ಯಾಲೆಂಡರ್ ಹಿಂದೆ

'ಡಾರ್ಕ್' ಧಾರಾವಾಹಿಯನ್ನು ನಾನು ಎರಡು ಸಲ ನೋಡಿದ್ದೇನೆ. ಅಮ್ಮ ಒಂದು ಸಲವೂ ಪೂರ್ತಿ ನೋಡಿಲ್ಲ. ಆದರೂ ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೆ ಅನುಮಾನ ಬಂದರೂ ಕೇಳುವುದು ಅಮ್ಮನನ್ನೇ. ಯಾರ ಮಗ ಯಾರು, ಯಾರು ಯಾವ ವರ್ಷದಲ್ಲಿ ಸಿಕ್ಕಿಹಾಕಿಕೊಂಡರು, ಎಲ್ಲ ಅವರ ಬಾಯಲ್ಲಿದೆ.

ಇದು ಜರ್ಮನ್ ಭಾಷೆಯ ಧಾರಾವಾಹಿ. ನೆಟ್‌ಫ್ಲಿಕ್ಸ್ ಜರ್ಮನ್ ಭಾಷೆಯಲ್ಲಿ ತಾನೇ ಮಾಡಿಸಿದ ಮೊದಲ ಧಾರಾವಾಹಿ ಇದೇ. ಮಾಡಿದವರು ಬರಾನ್ ಬೋ ಓಡರ್ ಮತ್ತು ಯಾಂಟ್ಯೆ ಫ್ರೀಸೆ. ಇಬ್ಬರೂ ಬಾಳಸಂಗಾತಿಗಳು. ಮೊದಲ ಸೀಸನ್ ಬಂದದ್ದು 2017ರ ಡಿಸೆಂಬರ್ 1ಕ್ಕೆ. ಅದರಲ್ಲಿ 10 ಕಂತು, ಆಮೇಲಿನ ಎರಡು ಸೀಸನ್‌ಗಳಲ್ಲಿ 8-8. ಒಟ್ಟು 26 ಕಂತಿನಲ್ಲಿ ಕಥೆ ಮುಗಿಯುತ್ತದೆ. ನಿಜವಾಗಿ ಮುಗಿಯುತ್ತದೆ, ಎಳೆದಾಡುವುದಿಲ್ಲ. ಇದೊಂದೇ ಕಾರಣಕ್ಕೆ ನಾನು ಆ ಇಬ್ಬರಿಗೂ ಕೈ ಮುಗಿಯುತ್ತೇನೆ.

ನಾನು ತಿಪಟೂರಿನಲ್ಲಿ ಹೈಸ್ಕೂಲಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಅಣ್ಣ ಸಂಸಾರ ಸಮೇತ ಮನೆಗೆ ಬಂದ. ಅವನ ಲ್ಯಾಪ್‌ಟಾಪ್ ಜೊತೆಗೆ ಈ ಧಾರಾವಾಹಿಯೂ ಬಂತು. ಅವನ ಆಫೀಸಿನವರಲ್ಲಿ ಅರ್ಧ ಜನ ಇದರ ಹುಚ್ಚು ಹಿಡಿಸಿಕೊಂಡಿದ್ದರಂತೆ. ಇನ್ನರ್ಧ ಜನ ಎರಡನೇ ಕಂತಿಗೇ ಕೈಬಿಟ್ಟಿದ್ದರಂತೆ. ಎರಡೂ ನನಗೆ ಅರ್ಥವಾಗುತ್ತದೆ. ಮೊದಲ ಮೂರು ಕಂತು ನಿಧಾನ. ಸದಾ ಮಳೆ, ಕಾಡು, ಒಂದು ಗವಿ, ಒಂದು ಅಣುಸ್ಥಾವರ. ವಿಂಡನ್ ಅನ್ನುವ ಸಣ್ಣ ಊರು, ಅದು ಕಲ್ಪನೆಯದು. ನಾಲ್ಕು ಮನೆತನಗಳು, ನಾಲಿಗೆಗೆ ಸಿಗದ ಹೆಸರುಗಳು. 2019ರ ನವೆಂಬರ್ 4ರ ರಾತ್ರಿ ಮಿಕೆಲ್ ಅನ್ನುವ 11 ವರ್ಷದ ಹುಡುಗ ಗವಿಯ ಹತ್ತಿರ ಕಳೆದುಹೋಗುತ್ತಾನೆ. ಕಳೆದುಹೋದ ಹುಡುಗ, ಎಂಬತ್ತರ ದಶಕ ಅಂದ ತಕ್ಷಣ ಶುರುವಿನಲ್ಲಿ ತುಂಬ ಜನ ಇದನ್ನು ಅಮೆರಿಕದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿ ಜೊತೆ ಹೋಲಿಸಿದ್ದರು. ಆ ಹೋಲಿಕೆ ಹಿಡಿದು ನೋಡಲು ಕೂತರೆ ಮೋಸ ಹೋಗುತ್ತೀರಿ. ಇಲ್ಲಿ ರಾಕ್ಷಸ ಯಾರೂ ಇಲ್ಲ. ಅಪ್ಪ, ಅಮ್ಮ, ಮಕ್ಕಳು ಅಷ್ಟೇ.

ಇಲ್ಲಿಂದ ಮುಂದೆ ಕಥೆಯ ಗುಟ್ಟುಗಳಿವೆ. ನೋಡಬೇಕು ಅಂತ ಇರುವವರು ಇಲ್ಲೇ ನಿಲ್ಲಿಸಿ, ನೋಡಿ ಬನ್ನಿ. ಖಂಡಿತ ನೋಡಿ ಅನ್ನುವುದೇ ನನ್ನ ಮಾತು.

ಎರಡನೇ ಕಂತಿನ ಕೊನೆಗೆ ಗೊತ್ತಾಗುತ್ತದೆ: ಮಿಕೆಲ್ ಸತ್ತಿಲ್ಲ. ಆ ಗವಿಯ ಮೂಲಕ 33 ವರ್ಷ ಹಿಂದಕ್ಕೆ, 1986ಕ್ಕೆ ಹೋಗಿಬಿಟ್ಟಿದ್ದಾನೆ. ಐದನೇ ಕಂತಿನ ಕೊನೆಗೆ ಇನ್ನೊಂದು ಗೊತ್ತಾಗುತ್ತದೆ: ಅವನು ಅಲ್ಲೇ ಬೆಳೆದು, ಮೈಕೆಲ್ ಆಗಿ, ಮದುವೆಯಾಗಿ, ಕಥೆಯ ನಾಯಕ ಯೋನಾಸ್‌ನ ಅಪ್ಪನಾಗಿದ್ದಾನೆ. ಯೋನಾಸ್ ಪ್ರೀತಿಸುವ ಹುಡುಗಿ ಮಾರ್ತಾ. ಅವಳು ಮಿಕೆಲ್‌ನ ಅಕ್ಕ.

ಜಗತ್ತಿನ ಅಭಿಮಾನಿಗಳೆಲ್ಲ ಇಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂತರು. ವಂಶವೃಕ್ಷ ಬರೆದರು, ಬಾಣದ ಗುರುತು ಹಾಕಿದರು, ತಲೆ ಚಚ್ಚಿಕೊಂಡರು. ಇದು ಎಷ್ಟು ದೊಡ್ಡ ತಲೆನೋವಾಯಿತು ಅಂದರೆ ನೆಟ್‌ಫ್ಲಿಕ್ಸ್‌ನವರೇ ಇದಕ್ಕಾಗಿ ಒಂದು ತಾಣ ಮಾಡಿದರು. ನೀವು ಎಷ್ಟನೇ ಕಂತಿನಲ್ಲಿದ್ದೀರಿ ಅಂತ ಹೇಳಿದರೆ ಅಲ್ಲಿಯವರೆಗಿನ ಸಂಬಂಧಗಳನ್ನು ಮಾತ್ರ ತೋರಿಸುತ್ತದೆ, ಮುಂದಿನದ್ದು ಬಿಟ್ಟುಕೊಡುವುದಿಲ್ಲ. ನೋಡುವವರ ಮೇಲೆ ಇಷ್ಟು ಕಾಳಜಿ ಇಟ್ಟು ಮಾಡಿದ ಕೆಲಸ ನಾನು ಬೇರೆ ಕಂಡಿಲ್ಲ.

ನಮ್ಮ ಮನೆಯಲ್ಲಿ ಆದದ್ದೇ ಬೇರೆ. ಅಮ್ಮನಿಗೆ ಜರ್ಮನ್ ಬಾರದು, ಇಂಗ್ಲಿಷ್ ಸಬ್‌ಟೈಟಲ್ ಓದಲಾಗದು. ರಾತ್ರಿ ನಾನು, ಅಣ್ಣ ನೋಡಿದ ಕಂತನ್ನು ಮಾರನೇ ದಿನ ಸಂಜೆ ಅಮ್ಮನಿಗೆ ಕಥೆ ಮಾಡಿ ಹೇಳುತ್ತಿದ್ದೆವು. ಹಲಸಿನ ಕಾಲ. ಅಮ್ಮ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಾ ಕೇಳುತ್ತಿದ್ದರು. ಯೋನಾಸ್-ಮಾರ್ತಾ ವಿಷಯ ಹೇಳಿದಾಗ ಅಮ್ಮನ ಕೈ ನಿಂತಿತು.

"ಅಂದ್ರೆ ಆ ಹುಡುಗಿ ಅವ್ನಿಗೆ ಸೋದರತ್ತೆ ಆದ್ಲಲ್ಲೇ!"

ನಿಜ ಹೇಳುತ್ತೇನೆ, ಆ ಒಂದು ಪದ ಕೇಳುವವರೆಗೆ ನನಗೆ ಅದರ ಭಾರ ತಟ್ಟಿರಲಿಲ್ಲ. ಸಬ್‌ಟೈಟಲ್‌ನಲ್ಲಿ 'ಆಂಟ್' ಅಂತ ಓದಿದ್ದೆ, ಮುಂದೆ ಹೋಗಿದ್ದೆ. ಆಂಟ್ ಅಂದರೆ ಚಿಕ್ಕಮ್ಮನೂ ಹೌದು, ದೊಡ್ಡಮ್ಮನೂ ಹೌದು, ಅತ್ತೆಯೂ ಹೌದು, ಪಕ್ಕದ ಮನೆಯವರೂ ಹೌದು. ಸೋದರತ್ತೆ ಅಂದರೆ ಒಬ್ಬಳೇ. ನಾಮಕರಣದಲ್ಲಿ ಕಿವಿಯಲ್ಲಿ ಹೆಸರು ಕೂಗುವವಳು.

ಅಮ್ಮ ಅಲ್ಲಿಗೆ ಬಿಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಹಿಂಭಾಗದಲ್ಲಿ ಬರೆಸಿದರು. ಹೊಯ್ಸಳರ ವಂಶಾವಳಿಯನ್ನು ಬೋರ್ಡಿನ ಮೇಲೆ ಬರೆಯುವ ನನಗೆ ಅಮ್ಮನೇ ಹೇಳಿ ಹೇಳಿ ಬರೆಸಿದರು. ಮಿಕೆಲ್‌ನ ಅಪ್ಪ ಉಲ್ರಿಕ್ ಪೊಲೀಸ್. ಹಾಗಾದರೆ ಅವನು ಯೋನಾಸ್‌ಗೆ ತಾತ. ಯೋನಾಸ್‌ನ ಅಮ್ಮ ಹಾನ್ನಾ, ಉಲ್ರಿಕ್‌ನ ಜೊತೆ ಕದ್ದುಮುಚ್ಚಿ ಸಂಬಂಧ ಇಟ್ಟುಕೊಂಡಿದ್ದಾಳೆ. ಅಂದರೆ ಮಾವ, ಸೊಸೆ. ಇಬ್ಬರಿಗೂ ಅದು ಗೊತ್ತಿಲ್ಲ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಪಾಪ, ಗೊತ್ತಿಲ್ದೆ ಮಾಡಿದ್ದು" ಅಂದರು.

ಅಮ್ಮನಿಗೆ ಈ ಗೋಜಲು ಸಲೀಸಾಗಲು ಕಾರಣವಿದೆ. ಅಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಅಂದರೆ ಅಮ್ಮನ ತಾಯಿ ನನ್ನ ಅಪ್ಪನ ಸ್ವಂತ ಅಕ್ಕ. ನನಗೆ ಅವರು ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ನಮ್ಮ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಒಬ್ಬರಿಗೆ ಎರಡು ಮೂರು ಸಂಬಂಧ ಇರುವುದು ನಮಗೆ ಹೊಸದಲ್ಲ. ಯಾವ ಸಂಬಂಧ ಆಗುತ್ತದೆ, ಯಾವುದು ಆಗಬಾರದು ಅಂತ ಸಣ್ಣವರಿದ್ದಾಗಲೇ ಕಲಿತುಬಿಡುತ್ತೇವೆ. ಹಾಗಾಗಿ ಈ ಧಾರಾವಾಹಿ ಕನ್ನಡದವರಿಗೆ ಕಷ್ಟ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಹೆಸರು ಬಿಡಿ, ಸಂಬಂಧ ಹಿಡಿದು ನೋಡಿ. ಅಣ್ಣ, ಸೊಸೆ, ಬೀಗರು ಅಂತ ಕರೆದುಕೊಂಡು ಹೋದರೆ ಅರ್ಧ ಗೋಜಲು ಬಿಡಿಸಿದ ಹಾಗೆ.

ಅಮ್ಮ ಸೋತದ್ದು ಒಂದೇ ಕಡೆ. ಪೊಲೀಸ್ ಅಧಿಕಾರಿ ಶಾರ್ಲೊಟೆ, ಅವಳ ಕಿವಿ ಕೇಳದ ಮಗಳು ಎಲಿಜಬೆತ್. ಎಲಿಜಬೆತ್ ಶಾರ್ಲೊಟೆಯ ಮಗಳು, ಶಾರ್ಲೊಟೆ ಎಲಿಜಬೆತ್‌ಳ ಮಗಳು. ಎರಡೂ ನಿಜ. ಅಮ್ಮ ಹಾಳೆಯ ಮೇಲೆ ಎರಡು ಹೆಸರು ಬರೆಸಿ, ಸುತ್ತ ಒಂದು ಗೆರೆ ಹಾಕಿಸಿ, "ಇದಕ್ಕೆ ನಮ್ಮಲ್ಲೂ ಹೆಸರಿಲ್ಲ ಕಣೇ" ಅಂದರು.

ಆದರೆ ಇದೆಲ್ಲ ಒಗಟಿನ ಮಾತು. ಅಭಿಮಾನಿಗಳಲ್ಲಿ ಬಹಳ ಜನ ಒಗಟಿನಲ್ಲೇ ನಿಂತುಬಿಟ್ಟರು ಅನ್ನುವುದು ನನ್ನ ದೊಡ್ಡ ಬೇಸರ. ಗವಿಯ ಬಾಗಿಲು ಯಾವ ವರ್ಷಕ್ಕೆ ತೆರೆಯುತ್ತದೆ, ಕಾಲದಲ್ಲಿ ಹಿಂದೆ ಮುಂದೆ ಒಯ್ಯುವ ಯಂತ್ರ ಮೊದಲೋ ಅದರ ನಕ್ಷೆ ಮೊದಲೋ, ಯಾವ ಪಾತ್ರಕ್ಕೆ ಎಷ್ಟು ವಯಸ್ಸು. ಇದನ್ನೆಲ್ಲ ಲೆಕ್ಕ ಹಾಕುವುದು ಖುಷಿ, ನಾನೂ ಹಾಕಿದ್ದೇನೆ. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಉಲ್ರಿಕ್.

ಉಲ್ರಿಕ್‌ನ ತಮ್ಮ ಮ್ಯಾಡ್ಸ್ 1986ರಲ್ಲೇ ಕಳೆದುಹೋದವನು. 33 ವರ್ಷ ಆದಮೇಲೆ ಮಗನೂ ಕಳೆದುಹೋಗುತ್ತಾನೆ. ಮಗನನ್ನು ಹುಡುಕುತ್ತಾ ಉಲ್ರಿಕ್ ಗವಿಗೆ ಇಳಿಯುತ್ತಾನೆ, 1953ರಲ್ಲಿ ಎದ್ದು ಬರುತ್ತಾನೆ. ಅಲ್ಲಿ ಪೊಲೀಸರ ಕೈಗೆ ಸಿಕ್ಕಿ, ಹುಚ್ಚ ಅನ್ನಿಸಿಕೊಂಡು, ಆಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಂಡು ಮುದುಕನಾಗುತ್ತಾನೆ. ಎರಡನೇ ಸೀಸನ್‌ನಲ್ಲಿ, 1987ರಲ್ಲಿ, ಆ ಮುದುಕ ತಪ್ಪಿಸಿಕೊಂಡು ಬಂದು ಮಗನನ್ನು ಹುಡುಕಿ ಹಿಡಿಯುತ್ತಾನೆ. ಮಗ ಇನ್ನೂ ಹುಡುಗ. ಅಪ್ಪನಿಗೆ ತಲೆಯೆಲ್ಲ ಬೆಳ್ಳಗಾಗಿದೆ. ಹುಡುಗ ಒಂದು ಗಳಿಗೆ ನೋಡುತ್ತಾನೆ. ಆಮೇಲೆ ಗುರುತು ಹಿಡಿಯುತ್ತಾನೆ.

ಆ ದೃಶ್ಯ ಅಮ್ಮ ಪೂರ್ತಿ ಕೂತು ನೋಡಿದರು. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ವಿಷಯ ಹೇಳಬೇಕು. ಅಮ್ಮನ ತಮ್ಮ, ನಮ್ಮ ಸೋದರಮಾವ, 1983ರಲ್ಲಿ ಮನೆ ಬಿಟ್ಟು ಹೋದರು. ಆಗ ಅವರಿಗೆ 15 ವರ್ಷ. ಹತ್ತನೇ ಕ್ಲಾಸಿನಲ್ಲಿ ಫೇಲಾಗಿದ್ದರು. ನನಗೆ ಆಗ ನಾಲ್ಕು ವರ್ಷ, ಮುಖ ನೆನಪಿಲ್ಲ. ಇವತ್ತಿನವರೆಗೂ ಸುದ್ದಿಯಿಲ್ಲ. ಅಜ್ಜಿ ಆಮೇಲೆ 21 ವರ್ಷ ಬದುಕಿದ್ದರು. ಅಷ್ಟೂ ವರ್ಷ ಒಂದು ರಾತ್ರಿಯೂ ಬೇರೆ ಊರಿನಲ್ಲಿ ಉಳಿಯಲಿಲ್ಲ. ಮದುವೆಗೆ ಕರೆದರೆ ಬೆಳಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್. "ರಾತ್ರಿ ಹೊತ್ತು ಬಂದ್ರೆ ಬಾಗ್ಲು ತೆಗೆಯೋರ್ಯಾರು" ಅನ್ನುತ್ತಿದ್ದರು.

ಅಣ್ಣ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದ, ಅಮ್ಮ ನೋಡಿದರು. ಮುಗಿದ ಮೇಲೆ "ಇನ್ನೊಂದ್ಸಲ ಹಾಕು" ಅಂದರು. ಹಾಕಿದ. ಮತ್ತೆ ಹಾಕಿಸಿದರು. ಆ ಅಪ್ಪ ಮಗ ಇಬ್ಬರೂ ಮತ್ತೆ ಪೊಲೀಸರಿಗೆ ಸಿಕ್ಕಿಬೀಳುತ್ತಾರೆ, ಬೇರೆಯಾಗುತ್ತಾರೆ ಅಂತ ಅಮ್ಮನಿಗೆ ಅಷ್ಟರಲ್ಲಿ ಗೊತ್ತಿತ್ತು. ಆದರೂ ಅಂದದ್ದು ಇಷ್ಟೇ: "ಗುರುತು ಹಿಡಿದ್ನಲ್ಲ. ಅಷ್ಟು ಸಾಕು."

ಮೂರನೇ ಸೀಸನ್‌ನಲ್ಲಿ ಮಿಕೆಲ್‌ನ ತಾಯಿ ಕತಾರಿನಾ ಕೂಡ ಮಗನನ್ನು ಹುಡುಕಿಕೊಂಡು ಹೋಗುತ್ತಾಳೆ. ಅವಳಿಗೆ ಸಿಗುವ ಸಾವು ನಾನು ಇಲ್ಲಿ ಬರೆಯುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನಿಗೆ ಅದನ್ನು ಪೂರ್ತಿ ಹೇಳಿಯೂ ಇಲ್ಲ.

ಹಣೆಬರಹದ ವಿಷಯಕ್ಕೆ ಬರುತ್ತೇನೆ. ಕಾಲದಲ್ಲಿ ಹಿಂದೆ ಹೋಗುವ ಕಥೆಗಳಲ್ಲಿ ಸಾಮಾನ್ಯವಾಗಿ ನಾಯಕ ಹೋಗಿ ತಪ್ಪನ್ನು ತಿದ್ದಿ ಬರುತ್ತಾನೆ. ಇಲ್ಲಿ ತಿದ್ದಲು ಹೋದ ಕೈಯೇ ಆ ತಪ್ಪನ್ನು ಮಾಡಿಸುತ್ತದೆ. ಯೋನಾಸ್ ಅಪ್ಪನ ಆತ್ಮಹತ್ಯೆ ತಡೆಯಲು ಹಿಂದಿನ ದಿನಕ್ಕೆ ಹೋಗುತ್ತಾನೆ. ಅಪ್ಪನಿಗೆ ಆ ಯೋಚನೆಯೇ ಇರಲಿಲ್ಲ, ಮಗ ಬಂದು ಹೇಳಿದ ಮೇಲೆ ಹುಟ್ಟಿತು. ಅಣುಸ್ಥಾವರದ ಮುಖ್ಯಸ್ಥೆ ಕ್ಲೌಡಿಯಾ ತನ್ನ ಅಪ್ಪ ಸಾಯುವ ದಿನ ಮೊದಲೇ ತಿಳಿದುಕೊಂಡು, ಕಾಪಾಡಲು ಅವನನ್ನು ತನ್ನ ಮನೆಗೇ ಕರೆದುಕೊಂಡು ಬರುತ್ತಾಳೆ. ಅವನು ಸಾಯುವುದು ಆ ಮನೆಯಲ್ಲೇ, ಅವಳ ಕಣ್ಣೆದುರೇ. ಅಮ್ಮ ಇದಕ್ಕೆ ಆಶ್ಚರ್ಯಪಡಲಿಲ್ಲ. "ಕಂಸ ಮಾಡಿದ್ದೂ ಅದೇ ಅಲ್ವಾ. ತಂಗಿ, ಭಾವನ್ನ ಸೆರೆಗೆ ಹಾಕ್ದ, ಕೃಷ್ಣ ಹುಟ್ಟೋ ಜಾಗ ಅವ್ನೇ ಕಟ್ಕೊಟ್ಟ." ಒಂದು ವ್ಯತ್ಯಾಸವಿದೆ, ಅದನ್ನು ನಾನು ಅಮ್ಮನಿಗೂ ಹೇಳಿದೆ. ಕಂಸ ಹೆದರಿಕೆಯಿಂದ ಮಾಡಿದ. ಇವರೆಲ್ಲ ಪ್ರೀತಿಯಿಂದ ಮಾಡುತ್ತಾರೆ. ಹಣೆಬರಹ ಇಲ್ಲಿ ಮೇಲಿನಿಂದ ಯಾರೋ ಬರೆದದ್ದಲ್ಲ. ಒಬ್ಬರನ್ನು ಬಿಟ್ಟುಕೊಡಲಾರದ ಜನ ತಾವೇ ಮತ್ತೆ ಮತ್ತೆ ಬರೆದುಕೊಳ್ಳುವುದು.

ಮೂರನೇ ಸೀಸನ್ ಬಿಡುಗಡೆಯಾದ ದಿನದ ಬಗ್ಗೆ ಹೇಳಲೇಬೇಕು. ಕಥೆಯೊಳಗೆ ವಿಂಡನ್ ಊರು ನಾಶವಾಗುವ ದಿನ 2020ರ ಜೂನ್ 27. ಕೊನೆಯ ಸೀಸನ್ ಬಿಟ್ಟದ್ದೂ ಅದೇ 2020ರ ಜೂನ್ 27ಕ್ಕೆ. ಹಿಂದಿನ ವರ್ಷ ಎರಡನೇ ಸೀಸನ್ ಬಂದದ್ದು ಜೂನ್ 21ಕ್ಕೆ, ಕಥೆಯಲ್ಲಿ ಮೈಕೆಲ್ ಸಾಯುವ ದಿನವೂ ಅದೇ. ಹೊರಗೆ ಕೊರೊನಾ, ಒಳಗೆ ಪ್ರಳಯದ ತಾರೀಕು. ಅಭಿಮಾನಿಗಳು ಎಷ್ಟು ಕಾದಿದ್ದರು ಅಂದರೆ, ಅದೇ ವರ್ಷ ರಾಟನ್ ಟೊಮೇಟೋಸ್ ಅನ್ನುವ ವಿಮರ್ಶೆಯ ತಾಣ ನಡೆಸಿದ ವೀಕ್ಷಕರ ಮತದಾನದಲ್ಲಿ ನೆಟ್‌ಫ್ಲಿಕ್ಸ್‌ನ ಸ್ವಂತ ಧಾರಾವಾಹಿಗಳ ಪೈಕಿ ಇದೇ ಗೆದ್ದಿತು. ಕೊನೆಯ ಸುತ್ತಿನಲ್ಲಿ ಸೋಲಿಸಿದ್ದು 'ಬ್ಲ್ಯಾಕ್ ಮಿರರ್' ಅನ್ನು. ಇಂಗ್ಲಿಷ್ ಅಲ್ಲದ ಒಂದು ಧಾರಾವಾಹಿ ಇಷ್ಟು ಜನರ ಮನಸ್ಸಿಗೆ ಹೋಯಿತಲ್ಲ ಅಂತ ನನಗೆ ತುಂಬ ಸಂತೋಷವಾಯಿತು.

ಆ ಶನಿವಾರ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ. ಮಾಸ್ಕ್ ಹಾಕಿದ ಮಕ್ಕಳು, ಗೇಟಿನಲ್ಲಿ ಜ್ವರ ನೋಡುವ ಯಂತ್ರ, ದೂರ ದೂರ ಹಾಕಿದ ಬೆಂಚು. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಕಂತುಗಳು ಬಂದಿದ್ದವು. ನಾನು ಮನೆ ತಲುಪಿದ್ದು ಮೂರು ಗಂಟೆಗೆ. ಅಣ್ಣ ಒಂದು ನಿಮಿಷವೂ ನೋಡದೆ ಕಾದಿದ್ದ. ಸ್ನಾನ ಮಾಡಿ ಬಂದು ಕೂತವರು ರಾತ್ರಿ ಎರಡಕ್ಕೆ ಎದ್ದೆವು.

ಮೂರನೇ ಸೀಸನ್ ಬಗ್ಗೆ ಅಭಿಮಾನಿಗಳು ಇನ್ನೂ ಜಗಳವಾಡುತ್ತಾರೆ. ಯೋನಾಸ್ ಹುಟ್ಟಿಯೇ ಇಲ್ಲದ ಎರಡನೇ ಪ್ರಪಂಚ ಒಂದನ್ನು ತಂದರು. ಅದೇ ಊರು, ಅದೇ ಜನ, ಮಿಕೆಲ್ ಮಾತ್ರ ಕಳೆದುಹೋಗಿಲ್ಲ. ಇದು ಬೇಡವಾಗಿತ್ತು ಅನ್ನುವವರು ಬಹಳ. ನನ್ನ ಅಭಿಪ್ರಾಯ: ಯೋಚನೆ ಸರಿಯಾಗಿದೆ, ಸಮಯ ಸಾಲಲಿಲ್ಲ. ಎರಡು ಸೀಸನ್‌ಗಳಲ್ಲಿ ಪ್ರೀತಿಯಿಂದ ಬೆಳೆಸಿದ ಜನರನ್ನು ಇಲ್ಲಿ ಓಡಿಸುತ್ತಾರೆ. ಏಳನೇ ಕಂತಿನಲ್ಲಿ ಬಿಟ್ಟುಹೋದ ಜಾಗಗಳನ್ನೆಲ್ಲ ಒಂದೇ ಉಸಿರಿಗೆ ತುಂಬುತ್ತಾರೆ. ತುಟಿಗೆ ಗಾಯದ ಗುರುತಿರುವ ಒಬ್ಬ ಮನುಷ್ಯ ಹುಡುಗ, ನಡುವಯಸ್ಕ, ಮುದುಕ ಹೀಗೆ ಮೂರು ವಯಸ್ಸಿನಲ್ಲಿ ಒಟ್ಟಿಗೇ ನಡೆದು ಬರುತ್ತಾನೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಯೋನಾಸ್-ಮಾರ್ತಾರ ಆ ಮಗನಿಗೆ ಒಂದು ಹೆಸರನ್ನೂ ಕೊಡಲಿಲ್ಲ, ಒಂದು ಆಸೆಯನ್ನೂ ಕೊಡಲಿಲ್ಲ. ಇಷ್ಟು ದೊಡ್ಡ ಮನೆತನದ ಕಥೆಯಲ್ಲಿ ಅದು ಕೊರತೆಯೇ. ಇದೊಂದಕ್ಕೆ ನಾನು ಅಂಕ ಕಳೆಯುತ್ತೇನೆ.

ಕೊನೆಯ ಕಂತಿಗೆ ಮಾತ್ರ ಪೂರ್ತಿ ಅಂಕ. ಎಲ್ಲದರ ಮೂಲ ಗಡಿಯಾರದ ಅಂಗಡಿಯ ಟಾನ್‌ಹೌಸ್. ಮಗ, ಸೊಸೆ, ಮೊಮ್ಮಗಳು ಕಾರು ಅಪಘಾತದಲ್ಲಿ ಹೋದರು. ಅವರನ್ನು ವಾಪಸ್ ತರಲು ಅವನು ಮಾಡಿದ ಯಂತ್ರ ಪ್ರಪಂಚವನ್ನೇ ಸೀಳಿಬಿಟ್ಟಿತು. ಯೋನಾಸ್ ಮತ್ತು ಮಾರ್ತಾ ಆ ಅಪಘಾತ ತಡೆಯುತ್ತಾರೆ. ತಡೆದರೆ ತಾವೇ ಹುಟ್ಟುವುದಿಲ್ಲ ಅಂತ ಗೊತ್ತಿದ್ದೇ ತಡೆಯುತ್ತಾರೆ. ಬೆಳಕಿನ ಪುಡಿಯಾಗಿ ಕರಗಿ ಹೋಗುತ್ತಾರೆ. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ನಾನು ಸುಮ್ನೆ ಅತ್ತೆ.

ಆಮೇಲೆ ಒಂದು ಊಟದ ಮೇಜು. ಹಾನ್ನಾ, ಕತಾರಿನಾ, ರೆಗಿನಾ, ಇನ್ನು ಕೆಲವರು. ಗಂಟು ಬಿಚ್ಚಿದ ಮೇಲೆ ಉಳಿದವರು. ಅಲ್ಲಿ ವೋಲರ್ ಅನ್ನುವ ಪೊಲೀಸನೂ ಇದ್ದಾನೆ. ಇವನ ಕಣ್ಣಿಗೆ ಏನಾಯಿತು ಅಂತ ಅಭಿಮಾನಿಗಳು ಮೊದಲ ಸೀಸನ್‌ನಿಂದ ಕೇಳುತ್ತಲೇ ಇದ್ದರು. ಕೊನೆಗೂ ಹೇಳುವುದಿಲ್ಲ, ಬಾಯಿ ತೆರೆಯುವ ಹೊತ್ತಿಗೆ ದೀಪ ಹೋಗುತ್ತದೆ. ಅಣ್ಣನ ಆಫೀಸಿನವರು ಈಗಲೂ ಇದನ್ನು ಹೇಳಿಕೊಂಡು ನಗುತ್ತಾರಂತೆ.

ಹಾನ್ನಾಳನ್ನು ಬಯ್ಯದ ಅಭಿಮಾನಿ ಇಲ್ಲ. ಸುಳ್ಳು ಹೇಳಿದಳು, ಮನೆ ಮುರಿದಳು ಅಂತ. ನನಗೂ ಸಿಟ್ಟು ಬಂದಿತ್ತು. ಆದರೆ ಆ ಮೇಜಿನಲ್ಲಿ ಅವಳು ಬಸುರಿ. ಏನೋ ಕನಸು ಕಂಡ ಹಾಗೆ, ಎಲ್ಲೋ ನೋಡಿದ ಹಾಗೆ ಅನ್ನಿಸುತ್ತದೆ ಅವಳಿಗೆ. ಮಗುವಿಗೆ ಏನು ಹೆಸರು ಅಂದರೆ ಯೋನಾಸ್ ಚೆನ್ನಾಗಿದೆ ಅನ್ನುತ್ತಾಳೆ. ಯಾರಿಗೂ ನೆನಪಿಲ್ಲದ ಹುಡುಗನ ಹೆಸರು ಉಳಿದದ್ದು ಎಲ್ಲರೂ ಬಯ್ದ ಆ ತಾಯಿಯ ಬಾಯಲ್ಲಿ. ಅದನ್ನು ಕೇಳಿದ ಮೇಲೆ ನಾನು ಅವಳನ್ನು ಬಯ್ಯುವುದು ಬಿಟ್ಟೆ.

ನೋಡುವವರಿಗೆ ಒಂದೆರಡು ಮಾತು. ಜರ್ಮನ್ ದನಿಯಲ್ಲೇ ನೋಡಿ, ಇಂಗ್ಲಿಷ್ ಡಬ್ಬಿಂಗ್ ಬೇಡ. ಉಲ್ರಿಕ್ ಮಗನ ಹೆಸರು ಕೂಗುವ ದನಿ ಡಬ್ಬಿಂಗ್‌ನಲ್ಲಿ ಸತ್ತುಹೋಗಿದೆ. ಮೊಬೈಲಿನಲ್ಲಿ ನೋಡಬೇಡಿ. ಅರ್ಧ ಧಾರಾವಾಹಿ ಕತ್ತಲೆ, ಸಣ್ಣ ಪರದೆಯಲ್ಲಿ ಏನೂ ಕಾಣದು. ನಾನು ಕಟ್ಟುವುದು ತಿಂಗಳಿಗೆ 199 ರೂಪಾಯಿ, ಟಿವಿಗೆ ಹಾಕಿಕೊಳ್ಳಬಹುದು, ಅಷ್ಟು ಸಾಕು. ದಿನಕ್ಕೆ ಎರಡು ಕಂತಿಗಿಂತ ಜಾಸ್ತಿ ಬೇಡ. ಒಬ್ಬರೇ ನೋಡಬೇಡಿ, ಮಾರನೇ ದಿನ ಮಾತಾಡಲು ಯಾರಾದರೂ ಇರಲಿ. ಪಾತ್ರಧಾರಿಗಳ ಆಯ್ಕೆ ನೋಡಿ: ಒಬ್ಬರ ಮೂರು ವಯಸ್ಸಿಗೆ ಮೂವರು ಬೇರೆ ಬೇರೆ ಜನ, ಆದರೆ ಕಣ್ಣು ಮೂಗು ಒಂದೇ ಮನೆಯದು ಅನ್ನಿಸುತ್ತದೆ. ಮಕ್ಕಳಿಗೆ ತೋರಿಸಬೇಡಿ. ಸತ್ತ ಮಕ್ಕಳು, ದೊಡ್ಡವರ ದೃಶ್ಯಗಳು ಇವೆ.

ಅದಕ್ಕೇ 2020ರಲ್ಲಿ ಅಣ್ಣನ ಮಗಳಿಗೆ ತೋರಿಸಿರಲಿಲ್ಲ. ಈಗ ಅವಳು ಡಿಗ್ರಿಯಲ್ಲಿದ್ದಾಳೆ, ರಜೆಗೆ ಬಂದಿದ್ದಾಳೆ, ನೋಡಲು ಶುರುಮಾಡಿದ್ದಾಳೆ. ಮೈಕೆಲ್ ಸಾಯುವ ಮೊದಲು ಬರೆದಿಟ್ಟ ಕಾಗದ ಇನ್ನೂ ಯೋನಾಸ್‌ನ ಕೈಗೆ ಸಿಕ್ಕಿಲ್ಲ, ಅವಳು ನಾಲ್ಕನೇ ಕಂತಿನಲ್ಲಿದ್ದಾಳೆ. ಏನೂ ಬಾಯಿಬಿಡಬಾರದು ಅಂತ ಅಮ್ಮ ನಮಗೆಲ್ಲ ಕಟ್ಟಪ್ಪಣೆ ಮಾಡಿದ್ದಾರೆ. ಕ್ಯಾಲೆಂಡರ್ ಹಾಳೆಯನ್ನು ಮಡಿಸಿ ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಾರೆ. ದಿನಾ ಸಂಜೆ ಕಾಫಿ ಕೊಡುವಾಗ ಮೊಮ್ಮಗಳನ್ನು ಒಂದೇ ಮಾತು ಕೇಳುತ್ತಾರೆ.

"ಆ ಹುಡ್ಗ ಕಾಗ್ದ ಓದಿದ್ನಾ?"

"ಇನ್ನೂ ಇಲ್ಲ ಅಜ್ಜಿ."